ದುಂಡು ಮಗುವಿಗೂ ಕೊಬ್ಬಿನ ಕೊರತೆ

ಗರ್ಭಿಣಿಯ ಸಕ್ಕರೆ ಕಾಯಿಲೆ ಹತೋಟಿಗೆ ಬರದಿದ್ದರೆ ಹುಟ್ಟುವ ಮಗು ಹಲವು ಸಲ ನಾಲ್ಕು ಕೆ.ಜಿ. ದಾಟುತ್ತದೆ. ತುಂಬಿದ ಕೆನ್ನೆ, ಮಡಿಕೆ ಬಿದ್ದ ತೊಡೆ ಕಂಡು ನೆಂಟರಿಷ್ಟರು ಹಿಗ್ಗುತ್ತಾರೆ. ಅಂಥ ಮಕ್ಕಳ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿದ ಸಂಶೋಧಕರು ಮಾತ್ರ ಬೇರೆಯದೇ ಚಿತ್ರ ಕಂಡಿದ್ದಾರೆ. ಮಿದುಳು, ಕಣ್ಣುಗಳ ಬೆಳವಣಿಗೆಗೆ ಬೇಕೇಬೇಕಾದ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಅಲ್ಲಿ ಕಡಿಮೆ. ಮೈತುಂಬ ಕೊಬ್ಬಿದ್ದೂ ಬೇಕಾದ ಕೊಬ್ಬಿಗೇ ಬರ.

ಮಗು ದಪ್ಪಗಾಗುವುದೇಕೆ ಎಂಬುದನ್ನು ಡೆನ್ಮಾರ್ಕಿನ ವೈದ್ಯ ಯೋರ್ಗೆನ್ ಪೆಡರ್ಸನ್ 1950ರ ದಶಕದಲ್ಲೇ ವಿವರಿಸಿದ್ದರು. ತಾಯಿಯ ಗ್ಲೂಕೋಸ್ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ಅವಳ ಇನ್ಸುಲಿನ್ ದಾಟುವುದಿಲ್ಲ. ಆಗ ಮಗುವೇ ಹೆಚ್ಚು ಇನ್ಸುಲಿನ್ ಸುರಿಸಿ ಮಿಕ್ಕ ಸಕ್ಕರೆಯನ್ನು ಕೊಬ್ಬಾಗಿ ಕೂಡಿಡುತ್ತದೆ.

ಕಷ್ಟ ಎದುರಾಗುವುದು ಹೆರಿಗೆಯಾದ ಮೇಲೆ. ಬಳ್ಳಿ ಕತ್ತರಿಸಿದೊಡನೆ ಸಕ್ಕರೆಯ ಸರಬರಾಜು ನಿಂತಿತು, ಇನ್ಸುಲಿನ್ ಮಾತ್ರ ಇಳಿದಿಲ್ಲ. ಬೇರೆ ಮಕ್ಕಳಾದರೆ ಕೂಡಿಟ್ಟ ಕೊಬ್ಬನ್ನು ಕರಗಿಸಿ, ಅದರಿಂದ ಕೀಟೋನ್ ತಯಾರಿಸಿ ಮಿದುಳಿಗೆ ಒದಗಿಸುತ್ತವೆ. ಈ ಮಗುವಿನಲ್ಲಿ ಇನ್ಸುಲಿನ್ ಆ ಕೊಬ್ಬಿಗೆ ಬೀಗ ಜಡಿದಿರುತ್ತದೆ. ರಕ್ತದಲ್ಲಿ ಸಕ್ಕರೆಯೂ ಕಡಿಮೆ, ಬಿಡಿ ಕೊಬ್ಬಿನಾಮ್ಲವೂ ಕಡಿಮೆ. ದುಂಡಗಿರುವ ಕೂಸಿನ ಹಿಮ್ಮಡಿ ಚುಚ್ಚಿ ಮೇಲಿಂದ ಮೇಲೆ ಸಕ್ಕರೆ ನೋಡುವುದು ಇದಕ್ಕೇ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ ಎಂದು ವೈದ್ಯರು ಒತ್ತಾಯಿಸುವುದೂ ಇದಕ್ಕೇ. ನಾಲಿಗೆಗೆ ಜೇನುತುಪ್ಪ ಸವರುತ್ತಾ ಮೊದಲ ಹಾಲನ್ನು ತಡಮಾಡುವ ಪದ್ಧತಿಯನ್ನು ನಮ್ಮ ಮನೆಗಳು ದಯವಿಟ್ಟು ಕೈಬಿಡಬೇಕು.

ಇನ್ನು ಡಿಎಚ್‌ಎ ವಿಚಾರ. ಭ್ರೂಣ ಇದನ್ನು ತಾನಾಗಿ ತಯಾರಿಸಿಕೊಳ್ಳುವುದು ತೀರಾ ಕಡಿಮೆ. ಮುಖ್ಯವಾಗಿ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಪಡೆಯುತ್ತದೆ. ತಾಯಿಯ ರಕ್ತದಲ್ಲಿ ಸಾಕಷ್ಟಿದ್ದರೂ ಮಗುವಿಗೆ ತಲುಪದಿರಬಹುದು ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಡಿಎಚ್‌ಎ ಹೊತ್ತೊಯ್ಯುವ ಎಂಎಫ್‌ಎಸ್‌ಡಿ2ಎ ಎಂಬ ಪ್ರೋಟೀನು ಸಕ್ಕರೆ ಕಾಯಿಲೆಯ ಬಸುರಿಯರ ಮಾಸಿನಲ್ಲಿ ಕಡಿಮೆ ಇದ್ದುದನ್ನು ಸ್ಪೇನಿನ ಮುರ್ಸಿಯಾದ ಸಂಶೋಧಕರು 2017ರಲ್ಲಿ ವರದಿ ಮಾಡಿದರು. ಹಾಗಾಗಿ ‘ನೀನು ಸರಿಯಾಗಿ ತಿನ್ನಲಿಲ್ಲ’ ಎಂದು ಬಾಣಂತಿಯನ್ನು ದೂರುವುದು ಅನ್ಯಾಯ. ಬಂಗುಡೆ, ಬೂತಾಯಿ ಮೀನುಗಳಲ್ಲಿ ಡಿಎಚ್‌ಎ ನೇರವಾಗಿ ಸಿಗುತ್ತದೆ. ಅಗಸೆಯಲ್ಲಿರುವುದು ಅದರ ಮೂಲರೂಪ, ದೇಹ ಅದನ್ನು ಡಿಎಚ್‌ಎ ಆಗಿ ಮಾರ್ಪಡಿಸುವುದು ಅಲ್ಪ. ಮಾತ್ರೆ ನುಂಗಿದರೆ ಎಲ್ಲ ಸರಿಹೋಗುತ್ತದೆ ಎನ್ನಲೂ ಆಧಾರ ಸಾಲದು. ಬೆಳಗಾವಿಯಲ್ಲಿ ಗರ್ಭಿಣಿಯರಿಗೆ ದಿನಕ್ಕೆ 400 ಮಿಲಿಗ್ರಾಂ ಡಿಎಚ್‌ಎ ಕೊಟ್ಟು ನೋಡಿದ ಅಧ್ಯಯನದಲ್ಲಿ (ಅದು ಸಕ್ಕರೆ ಕಾಯಿಲೆಯವರಿಗಾಗಿಯೇ ನಡೆದದ್ದಲ್ಲ) ಒಂದು ವರ್ಷದ ಮಕ್ಕಳ ಬೆಳವಣಿಗೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಕ್ಕರೆಯನ್ನು ಹದದಲ್ಲಿಡುವುದೇ ಮೊದಲ ಕೆಲಸ. ಅದಕ್ಕೆ ಬೇಗ ಪತ್ತೆಯಾಗಬೇಕು. ಗರ್ಭಿಣಿ ಮೊದಲ ಸಲ ಬಂದಾಗಲೇ 75 ಗ್ರಾಂ ಗ್ಲೂಕೋಸ್ ಕುಡಿಸಿ ಪರೀಕ್ಷಿಸಬೇಕು, 24ರಿಂದ 28 ವಾರಗಳ ನಡುವೆ ಮತ್ತೊಮ್ಮೆ ನೋಡಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಹೇಳುತ್ತದೆ.

ಈ ಮಕ್ಕಳು ಮುಂದೆ ಹೇಗಿರುತ್ತಾರೆ? ಉತ್ತರದ ಒಂದು ಭಾಗ ನಮ್ಮ ಮೈಸೂರಿನಲ್ಲೇ ಇದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ಪರೀಕ್ಷೆಗೊಳಗಾದ ಗರ್ಭಿಣಿಯರಲ್ಲಿ ಶೇ 6.2ರಷ್ಟು ಮಂದಿಗೆ ಸಕ್ಕರೆ ಕಾಯಿಲೆಯಿತ್ತು. ಅವರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಮೈಕೊಬ್ಬು ಹೆಚ್ಚಿತ್ತು, ಗ್ಲೂಕೋಸ್ ಕುಡಿಸಿದಾಗ ಇನ್ಸುಲಿನ್ ಮಟ್ಟವೂ ಜಾಸ್ತಿ ಏರಿತ್ತು. ಆದರೆ ಒಂಬತ್ತು–ಹತ್ತರ ವಯಸ್ಸಿನಲ್ಲಿ ಕಲಿಕೆ, ನೆನಪು, ಮಾತಿನ ಪರೀಕ್ಷೆಗಳನ್ನಿಟ್ಟಾಗ ಆ ತಾಯಂದಿರ ಮಕ್ಕಳು ಹಿಂದೆ ಬೀಳಲಿಲ್ಲ, ಉಳಿದವರಿಗಿಂತ ಹೆಚ್ಚೇ ಅಂಕ ಗಳಿಸಿದರು.