ಹಳೆ ಡೀಸೆಲ್ ಗಾಡಿ ಬೆಳಗ್ಗೆ ಸ್ಟಾರ್ಟ್ ಆಗ್ತಿಲ್ವಾ? ಮೊದಲು ಏರ್ ನೋಡಿ

ಸಂಜೆ ಸರಿಯಾಗೇ ಓಡಿ ಮನೆಗೆ ಬಂದ ಗಾಡಿ, ಬೆಳಗಿನ ಜಾವ ಟೊಮೆಟೊ ಬಾಕ್ಸ್ ತುಂಬಿಸಿದ ಮೇಲೆ ಸ್ಟಾರ್ಟೇ ಆಗಲ್ಲ. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿಯುತ್ತೆ, ಅಷ್ಟರಲ್ಲಿ ಮಂಡಿಯಲ್ಲಿ ಹರಾಜು ಮುಗಿದಿರುತ್ತೆ. ಹಳೆ ಡೀಸೆಲ್ ಜೀಪು, ಪಿಕಪ್ ಇಟ್ಟುಕೊಂಡವರಿಗೆ ಇದು ಗೊತ್ತಿರೋ ಕಥೆ. ನನ್ನ ಪಿಕಪ್‌ಗೆ ಈಗ 18 ವರ್ಷ. ಅದರ ಡೀಸೆಲ್ ಲೈನ್ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ.

ಮೊದಲೇ ಒಂದು ಮಾತು. ಇಲ್ಲಿ ಹೇಳೋದು ಹಳೆ ಮೆಕ್ಯಾನಿಕಲ್ ಪಂಪ್ ಇರುವ ಗಾಡಿಗಳಿಗೆ ಮಾತ್ರ. ನಿಮ್ಮದು ಕಾಮನ್ ರೈಲ್ ಎಂಜಿನ್ ಆದರೆ ನಾಝಲ್ ಕಡೆ ಪೈಪ್ ಮುಟ್ಟಲೇಬೇಡಿ. ಅಲ್ಲಿ ಒತ್ತಡ 1000 ಬಾರ್ ದಾಟುತ್ತೆ.

ಡೀಸೆಲ್ ಹೋಗುವ ದಾರಿ ಹೀಗಿದೆ: ಟ್ಯಾಂಕ್, ಪೈಪ್, ಫೀಡ್ ಪಂಪ್, ಫಿಲ್ಟರ್, ದೊಡ್ಡ ಡೀಸೆಲ್ ಪಂಪ್, ನಾಝಲ್. ಕೆಲವು ಗಾಡಿಗಳಲ್ಲಿ ಫಿಲ್ಟರ್ ಪಂಪ್‌ಗಿಂತ ಮೊದಲೇ ಬರುತ್ತೆ. ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗೆ ಡೀಸೆಲ್ ಎಳೆದುಕೊಂಡು ಬರುತ್ತೆ, ಆಮೇಲೆ ತಳ್ಳಿಸಿಕೊಂಡು ಹೋಗುತ್ತೆ. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ತಳ್ಳುವ ಕಡೆ ಸಂದು ಬಿಟ್ಟರೆ ಡೀಸೆಲ್ ಸೋರಿ ಒದ್ದೆ ಕಾಣುತ್ತೆ. ಎಳೆಯುವ ಕಡೆ ಬಿಟ್ಟರೆ ಹೊರಗೆ ಒಂದು ಹನಿಯೂ ಕಾಣದೇ ಇರಬಹುದು, ಗಾಳಿ ಒಳಗೆ ಹೋಗುತ್ತೆ. ರಾತ್ರಿಯೆಲ್ಲ ನಿಂತಾಗ ಲೈನ್‌ನಲ್ಲಿದ್ದ ಡೀಸೆಲ್ ಟ್ಯಾಂಕ್‌ಗೆ ವಾಪಸ್ ಇಳಿಯುತ್ತೆ. "ಎಲ್ಲೂ ಲೀಕ್ ಇಲ್ಲವಲ್ಲ" ಅಂತ ಹೊಸ ಪಂಪ್, ಹೊಸ ನಾಝಲ್ ಹಾಕಿಸಿ ದುಡ್ಡು ಕಳೆದುಕೊಳ್ಳೋದು ಇಲ್ಲೇ.

ತಪ್ಪು ಎಲ್ಲಿದೆ ಅಂತ ಹಿಡಿಯಲು ಒಂದು ಕ್ಯಾನ್ ಸಾಕು. 5 ಲೀಟರ್ ಕ್ಯಾನ್‌ನಲ್ಲಿ ಶುದ್ಧ ಡೀಸೆಲ್ ತುಂಬಿ, ಎಂಜಿನ್‌ಗಿಂತ ಎತ್ತರದಲ್ಲಿ, ಸೈಲೆನ್ಸರ್ ಬಿಸಿಯಿಂದ ದೂರ ಭದ್ರವಾಗಿ ಕಟ್ಟಿ. ಟ್ಯಾಂಕ್‌ನಿಂದ ಬರುವ ಪೈಪ್ ಬಿಚ್ಚಿ, ಆ ಜಾಗಕ್ಕೆ ಕ್ಯಾನ್‌ನ ಪೈಪ್ ಹಾಕಿ. ಏರ್ ತೆಗೆದು, ಒಂದು ರಾತ್ರಿ ಬಿಟ್ಟು ನೋಡಿ. ಬೆಳಗ್ಗೆ ಥಟ್ಟನೆ ಸ್ಟಾರ್ಟ್ ಆದರೆ ದೋಷ ಹೆಚ್ಚಾಗಿ ಟ್ಯಾಂಕ್‌ನಿಂದ ಅಲ್ಲಿವರೆಗಿನ ಪೈಪ್‌ನಲ್ಲೇ. ಆಗಲೂ ಸತಾಯಿಸಿದರೆ ಬ್ಯಾಟರಿ, ಹೀಟರ್ ಪ್ಲಗ್, ಪಂಪ್, ನಾಝಲ್ ಕಡೆ ಹುಡುಕಬೇಕು. ಪಂಪ್, ನಾಝಲ್ ಮಾತ್ರ ಮೆಕ್ಯಾನಿಕ್‌ಗೇ ಬಿಡಿ.

ಪೈಪ್‌ನಲ್ಲಿ ನೋಡಬೇಕಾದ್ದು: ಒಣಗಿ ಗಟ್ಟಿಯಾದ ರಬ್ಬರ್, ಸಡಿಲ ಕ್ಲಿಪ್, ಬ್ಯಾಂಜೊ ಬೋಲ್ಟ್‌ನ ಎರಡೂ ಕಡೆಯ ತಾಮ್ರದ ವಾಷರ್, ಫಿಲ್ಟರ್‌ನ ರಬ್ಬರ್ ರಿಂಗ್. ಪ್ರತಿ ಸಲ ಬಿಚ್ಚಿದಾಗ ವಾಷರ್ ಹೊಸದು ಹಾಕಿ. ಅಂಗಡಿಯಲ್ಲಿ ಡೀಸೆಲ್‌ಗೆ ಅಂತಲೇ ಇರುವ ಪೈಪ್ ಕೇಳಿ. ನೀರಿನ ಪ್ಲಾಸ್ಟಿಕ್ ಪೈಪ್ ಸ್ವಲ್ಪ ದಿನದಲ್ಲೇ ಗಟ್ಟಿಯಾಗಿ ಬಿರಿಯುತ್ತೆ.

ಏರ್ ತೆಗೆಯೋದು ಕಷ್ಟವೇನಿಲ್ಲ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಒಂದು ಸುತ್ತು ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತೆ. ನೊರೆಯಿಲ್ಲದ ಡೀಸೆಲ್ ಬಂದಾಗ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಆಮೇಲೆ ಸೆಲ್ಫ್ ಹೊಡೆಯಿರಿ, ಆದರೆ ಒಮ್ಮೆಗೆ 10-15 ಸೆಕೆಂಡ್ ಮಾತ್ರ, ನಡುವೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಡುತ್ತೆ. ಹೊಸ ಫಿಲ್ಟರ್‌ಗೆ ಕ್ಯಾನ್‌ನಿಂದ ಡೀಸೆಲ್ ಸುರಿದು ತುಂಬಿಸುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ, ಸೋಸದ ಡೀಸೆಲ್ ನೇರ ಪಂಪ್‌ಗೆ ಹೋದೀತು. ಕೈ ನೋಯುತ್ತೆ, ನೋಯಲಿ.

ಫಿಲ್ಟರ್ ತಳದ ಡ್ರೈನ್ ಸ್ಕ್ರೂ ಬಿಚ್ಚಿ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ನೀರಿದ್ದರೆ ತಳಕ್ಕೆ ಇಳಿದು ಬೇರೆಯಾಗಿ ಕಾಣುತ್ತೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಇಟ್ಟು ವಾರಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ನೀರು ಸೇರುವುದು ಜಾಸ್ತಿ.

ಇನ್ನು ಪ್ರಾಣದ ವಿಷಯ. ಪೈಪ್ ಹಾಕಿ ಬಾಯಲ್ಲಿ ಡೀಸೆಲ್ ಎಳೆಯಬೇಡಿ ಕಣ್ರೀ. ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೋಗೋದೇ ಅಪಾಯ. ಹಾಗೇನಾದರೂ ಒಳಗೆ ಹೋದರೆ ವಾಂತಿ ಮಾಡಿಸಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಂಜಿನ್ ಓಡುವಾಗ ನಾಝಲ್ ಪೈಪ್‌ನ ಲೀಕ್ ಹುಡುಕಲು ಬೆರಳು ಇಡಬೇಡಿ. ಆ ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಬೆರಳೇ ಕೊಳೆಯಬಹುದು. ನೋವಿಲ್ಲ ಅಂತ ಮನೇಲಿ ಕೂರದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, "ಡೀಸೆಲ್ ಒತ್ತಡದಲ್ಲಿ ಒಳಗೆ ಹೋಗಿದೆ" ಅಂತಲೇ ಹೇಳಿ. ಲೀಕ್ ನೋಡಲು ಒಂದು ರಟ್ಟಿನ ತುಂಡು ಹಿಡಿದರೆ ಸಾಕು.

ಕೆಲಸ ಶುರು ಮಾಡೋ ಮುಂಚೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿ, ಸೆಲ್ಫ್ ಹೊಡೆಯುವಾಗ ಮಾತ್ರ ಹಾಕಿ. ಹುಲ್ಲಿನ ಮೆದೆ ಪಕ್ಕ ಬೇಡ, ಬೀಡಿ ಸಿಗರೇಟು ದೂರ. ಬಿಚ್ಚೋ ಮುಂಚೆ ಪ್ರತಿ ಪೈಪ್‌ನ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ, ಎಳೆಯುವ ಪೈಪ್, ರಿಟರ್ನ್ ಪೈಪ್ ಅದಲು ಬದಲಾಗಲ್ಲ. ಸೀಟ್ ಕೆಳಗೆ ಒಂದು ಫಿಲ್ಟರ್, ನಾಲ್ಕು ವಾಷರ್, ಎರಡು ಕ್ಲಿಪ್, ಒಂದು ಅಡಿ ಪೈಪ್ ಇಟ್ಟಿರಿ.