ಹೃದಯದ ಹಾದಿಗೆ ಯಾವ ತಂತಿ?

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟ ಅಥಣಿ ರಸ್ತೆಯು ತಿಕೋಟಾದ ದ್ರಾಕ್ಷಿತೋಟಗಳ ಸೀಮೆಯನ್ನು ಹಾಯ್ದು ಸಾಗುತ್ತದೆ. ಆ ರಸ್ತೆಯಲ್ಲಿ ಬಂಡಿಯೊಂದು ಅಡ್ಡನಿಂತರೆ ಪಕ್ಕದಲ್ಲಿ ನುಸುಳುವಷ್ಟು ಎಡೆಯಾದರೂ ಉಳಿದಿರುತ್ತದೆ. ವರ್ಷಗಟ್ಟಲೆ ಯಾರೂ ನಡೆಯದೆ ಜಾಲಿಕಂಟಿ ಬೆಳೆದು ಮುಚ್ಚಿದ ಕಾಲುದಾರಿಯ ಮಾತೇ ಬೇರೆ. ಅಲ್ಲಿ ದಾರಿ ಯಾವುದು, ಹೊಲ ಯಾವುದು ಎಂಬುದೇ ತಿಳಿಯದು. ಹೃದಯದ ಧಮನಿಗಳಲ್ಲಿಯೂ ಈ ಎರಡು ಬಗೆಯ ಅಡಚಣೆಗಳುಂಟು. ಅವನ್ನು ತೆರೆಯಹೊರಟ ವೈದ್ಯರು ಮೊದಲು ಆರಿಸಬೇಕಾದುದು ಒಂದು ತಂತಿಯನ್ನು.

ಗೈಡ್‌ವೈರ್ ಎಂಬ ಈ ತಂತಿಯ ದಪ್ಪ ಸುಮಾರು 0.36 ಮಿಲಿಮೀಟರು, ಉದ್ದ ಆರಡಿಯ ಆಸುಪಾಸು. ಮಣಿಕಟ್ಟಿನ ಇಲ್ಲವೆ ತೊಡೆಯ ಧಮನಿಯೊಳಗಿಂದ, ಕ್ಷಕಿರಣದ ಚಿತ್ರವನ್ನು ನೋಡುತ್ತ, ಇದನ್ನು ಹೃದಯದವರೆಗೆ ಒಯ್ಯುತ್ತಾರೆ. ಬಲೂನಾಗಲಿ ಸ್ಟೆಂಟಾಗಲಿ ಇದರ ಮೇಲೆಯೇ ಜಾರಿ ಬರಬೇಕು. ಹೊರಗೆ ಬೆಂಚಿನ ಮೇಲೆ ಕಾದು ಕುಳಿತ ಮನೆಯವರು ಸ್ಟೆಂಟಿನ ಬೆಲೆಯನ್ನು ವಿಚಾರಿಸುತ್ತಾರೆ, ತಂತಿಯನ್ನು ವಿಚಾರಿಸುವವರಿಲ್ಲ. ಕೆಲಸ ಮುಗಿದ ಮೇಲೆ ಅದು ದೇಹದಲ್ಲಿ ಉಳಿಯುವುದೂ ಇಲ್ಲವಷ್ಟೆ!

1977ರ ಸೆಪ್ಟೆಂಬರ್ 16ರಂದು ಜೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಯೆಂಟ್ಸಿಗ್ ಅವರು, ಎಚ್ಚರವಾಗಿದ್ದ ರೋಗಿಯ ಹೃದಯದ ಧಮನಿಯನ್ನು ಮೊದಲ ಬಾರಿಗೆ ಬಲೂನಿನಿಂದ ಹಿಗ್ಗಿಸಿದರು. ಆ ಬಲೂನಿನ ತುದಿಗೆ ಇದ್ದುದು ಅಲ್ಲಿಯೇ ಬೆಸೆದ ಗಿಡ್ಡ ತಂತಿ. ಬಲೂನಿನಿಂದ ಬೇರೆಯಾಗಿ ಚಲಿಸುವ ತಂತಿಯನ್ನು ಅಮೆರಿಕದ ಜಾನ್ ಸಿಂಪ್ಸನ್ ಬಳಕೆಗೆ ತಂದುದು 1980ರ ದಶಕದ ಮೊದಲಲ್ಲಿ. ಆಯ್ಕೆಯ ಪ್ರಶ್ನೆ ಹುಟ್ಟಿದುದು ಅಲ್ಲಿಂದಾಚೆಗೆ.

ತಂತಿಯ ತುದಿಯನ್ನು ಬಾಗಿಸಲು ಬೇಕಾಗುವ ಭಾರವನ್ನು ಗ್ರಾಮುಗಳಲ್ಲಿ ಅಳೆಯುವರು. ದಿನಬಳಕೆಯ ತಂತಿಯಲ್ಲಿ ಅದು 1 ಗ್ರಾಮಿನ ಆಸುಪಾಸು. ಮೂರು ತಿಂಗಳಿಗೂ ಮೇಲ್ಪಟ್ಟು ಪೂರ್ತಿ ಮುಚ್ಚಿಹೋದ ಧಮನಿಗಾಗಿ ಮಾಡಿದ ಕೆಲವು ತಂತಿಗಳಲ್ಲಿ 12 ಗ್ರಾಮನ್ನೂ ಮುಟ್ಟುತ್ತದೆ. ಹಾಗಾದರೆ ಮೊದಲಿಗೇ ಗಟ್ಟಿ ತಂತಿಯನ್ನು ಹಿಡಿಯಬಾರದೇಕೆ? ಸುಣ್ಣಗಟ್ಟಿದ ಅಡ್ಡಿಯನ್ನು ಚುಚ್ಚಬಲ್ಲ ತುದಿ ಧಮನಿಯ ಗೋಡೆಯನ್ನೂ ಚುಚ್ಚಬಲ್ಲದು. ರಕ್ತ ಸೋರಿ ಹೃದಯದ ಹೊರಚೀಲದಲ್ಲಿ ತುಂಬಿಕೊಂಡರೆ, ಹೃದಯ ಅದುಮಿಹೋಗಿ ಪ್ರಾಣಕ್ಕೇ ಸಂಚಕಾರ.

ನೀರು ತಗುಲಿದೊಡನೆ ನುಣುಪಾಗುವ ಲೇಪದ ತಂತಿ ಎಂಥ ಸಂದಿನಲ್ಲಿಯೂ ಜಾರುತ್ತದೆ, ನಿಜ. ಆದರೆ ಬೆರಳಿಗೆ ಅಡ್ಡಿಯ ಸುಳಿವನ್ನೇ ಕೊಡದೆ ಸಣ್ಣ ಕವಲಿನ ಕೊನೆಗೆ ಹೋಗಿ ರಂಧ್ರ ಮಾಡಿಬಿಡುವುದೂ ಉಂಟು. ಒಳಗಿನ ತಿರುಳು ಉಕ್ಕಿನದಾದರೆ ಬೆರಳಿನ ತಿರುವು ತುದಿಯನ್ನು ಚೆನ್ನಾಗಿ ಮುಟ್ಟುತ್ತದೆ. ನಿಕ್ಕಲ್ ಮತ್ತು ಟೈಟೇನಿಯಂ ಬೆರೆತದ್ದಾದರೆ ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ.

ಆದುದರಿಂದ ಸಾಮಾನ್ಯವಾಗಿ ಮೃದು ತಂತಿಯಿಂದಲೇ ಆರಂಭ. ಅದರ ತುದಿಯನ್ನು ವೈದ್ಯರು ಧಮನಿಯ ತಿರುವಿಗೆ ತಕ್ಕಂತೆ ತಮ್ಮ ಕೈಯಾರೆ ತುಸು ಬಾಗಿಸುತ್ತಾರೆ. ಅದು ಸೋತರೆ ಗಟ್ಟಿಯದು. ಗಟ್ಟಿ ತಂತಿ ಅಡ್ಡಿಯನ್ನು ದಾಟಿದೊಡನೆ ಕಿರುಕೊಳವೆಯ ಮೂಲಕ ಅದನ್ನು ಹಿಂದೆಗೆದು, ಮತ್ತೆ ಮೃದು ತಂತಿಯನ್ನೇ ಇರಿಸುತ್ತಾರೆ. ಯಾವುದೂ ದಾಟದಾದಾಗ ಕೈ ತಡೆದು, ಬೈಪಾಸ್ ಶಸ್ತ್ರಕ್ರಿಯೆಯ ಇಲ್ಲವೆ ಔಷಧದ ಮಾತನ್ನು ಮನೆಯವರೊಡನೆ ಎತ್ತುವುದೂ ಉಂಟು.