ಹಣ ಪಡೆದವರೇ ಉತ್ತರ ಹೇಳಬೇಕು
ಆನ್‌ಲೈನ್ ಬಾಡಿಗೆ ಕಾರು: ಮುಂಗಡ ಮರಳದಿದ್ದಾಗ ಗ್ರಾಹಕರಿಗಿರುವ ದಾರಿಗಳು

ಬನಶಂಕರಿ ಜಾತ್ರೆ, ಬೇಸಿಗೆಯ ಮದುವೆಗಳು, ಶ್ರಾವಣದಲ್ಲಿ ಮನೆದೇವರ ದರ್ಶನ. ಗೋವಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ವರ್ಷದಲ್ಲಿ ಹಲವು ಸಲ ಊರಿನ ದಾರಿ ಹಿಡಿಯುತ್ತವೆ. ವಾಸ್ಕೋ, ಝುವಾರಿನಗರ, ಮಡಗಾಂವ್‌ಗಳಿಂದ ಅನಮೋಡ ಘಟ್ಟವನ್ನೋ ಚೋರ್ಲಾ ಘಟ್ಟವನ್ನೋ ಹತ್ತಿ ಬಾದಾಮಿ, ಬಾಗಲಕೋಟೆ, ವಿಜಯಪುರದ ಕಡೆಗೆ ಸಾಗಲು ಬಸ್ಸು, ರೈಲುಗಳನ್ನೇ ನೆಚ್ಚಿಕೊಂಡಿದ್ದ ಕಾಲ ಬದಲಾಗಿದೆ. ವಯಸ್ಸಾದ ತಂದೆತಾಯಿ ಮತ್ತು ಮಕ್ಕಳೊಂದಿಗೆ ಹೊರಡುವವರು ಈಗ ಮೊಬೈಲಿನಲ್ಲಿಯೇ ಬಾಡಿಗೆ ಕಾರು ಗೊತ್ತುಮಾಡುತ್ತಾರೆ. ಮುಂಗಡ ಕಟ್ಟುವುದು ಕ್ಷಣದ ಕೆಲಸ. ಪ್ರಯಾಣ ತಪ್ಪಿದಾಗ ಅದೇ ಹಣವನ್ನು ಮರಳಿ ಪಡೆಯುವುದು ತಿಂಗಳುಗಟ್ಟಲೆಯ ಅಲೆದಾಟವಾಗಬಹುದು.

ಇಂಥ ಒಂದು ಸನ್ನಿವೇಶವನ್ನು ಉದಾಹರಣೆಯಾಗಿ ಊಹಿಸಬಹುದು. ಝುವಾರಿನಗರದ ಕುಟುಂಬವೊಂದು ನಾಲ್ಕು ದಿನಗಳಿಗೆ ಸ್ವಯಂ ಚಾಲನೆಯ ಕಾರು ಗೊತ್ತುಮಾಡಿ, ಬಾಡಿಗೆ 9,000 ಹಾಗೂ ಠೇವಣಿ 5,000 ರೂಪಾಯಿಗಳನ್ನು ಜಾಲತಾಣದಲ್ಲಿ ಕಟ್ಟುತ್ತದೆ. ಹೊರಡುವ ದಿನ ಬೆಳಿಗ್ಗೆ ಕಾರಿನ ಮಾಲೀಕ, ‘ಈ ಗಾಡಿ ಗೋವಾದ ಗಡಿ ದಾಟುವಂತಿಲ್ಲ’ ಎನ್ನುತ್ತಾನೆ. ಬುಕಿಂಗ್ ಮಾಡಿದ ಪುಟದಲ್ಲಿ ಆ ಷರತ್ತು ಇರಲಿಲ್ಲ. ಕುಟುಂಬ ಬರಿಗೈಯಲ್ಲಿ ಮರಳುತ್ತದೆ. ಹಣ ಕೇಳಿದರೆ ಮಾಲೀಕ, ‘ನೀವು ಕೊಟ್ಟದ್ದು ಕಂಪನಿಗೆ, ನನಗಲ್ಲ’ ಎನ್ನುತ್ತಾನೆ. ಕಂಪನಿಯ ದಾಖಲೆಯಲ್ಲಿ ‘ಗ್ರಾಹಕರು ವಾಹನ ಪಡೆಯಲಿಲ್ಲ, ಹಣ ಮರಳಿಸಲಾಗದು’ ಎಂದು ನಮೂದಾಗಿರುತ್ತದೆ. ದಿನಗೂಲಿಯನ್ನೋ ಗುತ್ತಿಗೆ ಕೆಲಸವನ್ನೋ ನಂಬಿದ ಮನೆಗೆ 14,000 ರೂಪಾಯಿ ಎಂದರೆ ಮಕ್ಕಳ ಪುಸ್ತಕ, ಸಮವಸ್ತ್ರಗಳ ಹಣ.

ಮಧ್ಯವರ್ತಿಯ ವ್ಯವಹಾರ

ಇಂಥ ಅನೇಕ ಜಾಲತಾಣಗಳು ಸ್ವಂತ ಕಾರುಗಳನ್ನು ಹೊಂದಿರುವುದಿಲ್ಲ. ಬೇರೆಯವರ ಕಾರುಗಳನ್ನು ತೋರಿಸಿ, ಗ್ರಾಹಕರಿಂದ ಹಣ ಪಡೆದು, ತಮ್ಮ ದಲ್ಲಾಳಿ ಪಾಲನ್ನು ಇಟ್ಟುಕೊಂಡು ಉಳಿದುದನ್ನು ಮಾಲೀಕರಿಗೆ ಕೊಡುತ್ತವೆ. ಎಲ್ಲವೂ ಸುಗಮವಾಗಿ ನಡೆದಾಗ ಈ ವ್ಯವಸ್ಥೆ ಕಣ್ಣಿಗೆ ಬೀಳುವುದೇ ಇಲ್ಲ. ತಕರಾರು ಬಂದಾಗ ಮಾತ್ರ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ.

ತಕರಾರುಗಳು ಹೆಚ್ಚಾಗಿ ನಾಲ್ಕು ಬಗೆಯವು: ಮೊದಲು ತಿಳಿಸದ ರದ್ದತಿ ಶುಲ್ಕ, ಕೊನೆಯ ಗಳಿಗೆಯಲ್ಲಿ ಕಾರು ನಿರಾಕರಿಸಿ ತಪ್ಪನ್ನು ಗ್ರಾಹಕರ ತಲೆಗೆ ಕಟ್ಟುವುದು, ಹಳೆಯ ಗೀರುಗಳನ್ನು ತೋರಿಸಿ ಠೇವಣಿ ಹಿಡಿದಿಡುವುದು, ಹಣದ ಬದಲು ಮುಂದಿನ ಪ್ರಯಾಣಕ್ಕೆಂದು ಕೂಪನ್ ಕೊಡುವುದು. ಷರತ್ತುಗಳೆಲ್ಲ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿರುತ್ತವೆ. ಅನೇಕ ಮನೆಗಳಲ್ಲಿ ಅವನ್ನು ಓದಿ ಹೇಳುವ ಹೊಣೆ ಶಾಲೆಗೆ ಹೋಗುವ ಮಕ್ಕಳ ಮೇಲೆ ಬೀಳುತ್ತದೆ.

ಕಾನೂನು ಏನು ಹೇಳುತ್ತದೆ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರ ಜುಲೈನಲ್ಲಿ ಇ-ವಾಣಿಜ್ಯ ನಿಯಮಗಳು ಜಾರಿಗೆ ಬಂದವು. ವಸ್ತುಗಳಿಗೆ ಮಾತ್ರವಲ್ಲದೆ ಆನ್‌ಲೈನ್‌ನಲ್ಲಿ ಮಾರುವ ಸೇವೆಗಳಿಗೂ ಅವು ಅನ್ವಯಿಸುತ್ತವೆ. ಪ್ರತಿ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರು ತಲುಪಿದುದನ್ನು 48 ಗಂಟೆಗಳೊಳಗೆ ದೃಢಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ತಾನೇ ಏಕಪಕ್ಷೀಯವಾಗಿ ರದ್ದುಮಾಡಿದಾಗ ಅಂಥದೇ ಶುಲ್ಕವನ್ನು ಹೊರದ ಸಂಸ್ಥೆ, ಗ್ರಾಹಕರಿಂದ ರದ್ದತಿ ಶುಲ್ಕ ಪಡೆಯುವಂತಿಲ್ಲ. ಮೊದಲೇ ಗುರುತು ಹಾಕಿಟ್ಟ ಚೌಕದ ಮೂಲಕ ಗ್ರಾಹಕರ ಒಪ್ಪಿಗೆ ಪಡೆದಂತೆ ತೋರಿಸುವುದೂ ನಿಷಿದ್ಧ.

ಮಧ್ಯವರ್ತಿಯ ಕೈಯಲ್ಲಿ ಹಣ ನಿಂತುಬಿಡುವ ಸಮಸ್ಯೆ ಕೋವಿಡ್ ಕಾಲದಲ್ಲಿ ದೇಶದಾದ್ಯಂತ ಕಾಣಿಸಿಕೊಂಡಿತು. ಲಾಕ್‌ಡೌನ್ ಅವಧಿಯಲ್ಲಿ ಅದೇ ಅವಧಿಯ ಪ್ರಯಾಣಕ್ಕೆಂದು ಏಜೆಂಟರ ಮೂಲಕ ಪಡೆದ ವಿಮಾನ ಟಿಕೆಟ್‌ಗಳ ಪೂರ್ಣ ಹಣವನ್ನು ವಿಮಾನ ಸಂಸ್ಥೆಗಳು ಕೂಡಲೇ ಮರಳಿಸಬೇಕು, ಏಜೆಂಟರು ಅದನ್ನು ತಡಮಾಡದೆ ಪ್ರಯಾಣಿಕರಿಗೆ ತಲುಪಿಸಬೇಕು ಎಂದು 2020ರ ಅಕ್ಟೋಬರ್ 1ರಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಆದರೂ ಪ್ರವಾಸ ಜಾಲತಾಣ ಯಾತ್ರಾದಲ್ಲಿ 2021ರಲ್ಲಿ 26 ಕೋಟಿ ರೂಪಾಯಿಗೂ ಹೆಚ್ಚು ಹಣ ಬಾಕಿ ಇತ್ತು. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಬೆನ್ನುಹತ್ತಿದ ಮೇಲೆ 2024ರ ಜೂನ್ ವೇಳೆಗೆ ಅದು ಸುಮಾರು ಎರಡೂವರೆ ಕೋಟಿಗೆ ಇಳಿಯಿತು. ಉಳಿದುದನ್ನೂ ಕೊಡಬೇಕೆಂದು ಪ್ರಾಧಿಕಾರ ಆದೇಶಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಮರಳಿಸುವ ಹಣವನ್ನು ಬ್ಯಾಂಕ್ ಖಾತೆಗೆ ಪಡೆಯಬೇಕೇ ಕೂಪನ್ ರೂಪದಲ್ಲಿ ಪಡೆಯಬೇಕೇ ಎಂಬ ಆಯ್ಕೆಯನ್ನು ಗ್ರಾಹಕರಿಗೇ ಬಿಡಬೇಕೆಂದು ಓಲಾ ಸಂಸ್ಥೆಗೆ ಸೂಚಿಸಿತು. ಬಾಡಿಗೆ ಕಾರಿನ ವಿಷಯದಲ್ಲಿಯೂ ಗ್ರಾಹಕರು ಇದೇ ನ್ಯಾಯವನ್ನು ಕೇಳಬಹುದು. ಹಣ ಪಡೆದ ಸಂಸ್ಥೆ ‘ನಾವು ಮಧ್ಯವರ್ತಿ ಮಾತ್ರ’ ಎಂದ ಕಾರಣಕ್ಕೆ ಗ್ರಾಹಕರು ಹಿಂದೆ ಸರಿಯಬೇಕಾಗಿಲ್ಲ.

ದೂರಿನ ಮೆಟ್ಟಿಲುಗಳು

ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಮೂಲಕ, ಅಂದರೆ ಲಿಖಿತವಾಗಿ ಹೋಗಬೇಕು. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ಕಾರ್ಡಿನಿಂದ ಹಣ ಕಟ್ಟಿದವರು ತಮ್ಮ ಬ್ಯಾಂಕಿನಲ್ಲಿಯೂ ಆ ಪಾವತಿಯ ಬಗ್ಗೆ ಬೇಗನೆ ತಕರಾರು ದಾಖಲಿಸಬಹುದು.

ಅಲ್ಲಿ ಪರಿಹಾರ ದೊರೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅದು ಸೇವೆ ನೀಡುವ 17 ಭಾಷೆಗಳಲ್ಲಿ ಕನ್ನಡವೂ ಒಂದು. ಇಂಗ್ಲಿಷ್ ಬಾರದೆಂದು ಸಂಕೋಚಪಡುವವರು ತಮ್ಮ ಅಳಲನ್ನು ತಾಯ್ನುಡಿಯಲ್ಲಿಯೇ ಹೇಳಿಕೊಳ್ಳಬಹುದು. ಸಹಾಯವಾಣಿ ನ್ಯಾಯಾಲಯವಲ್ಲ, ದಾವೆಗೆ ಮುನ್ನ ಕಂಪನಿಯೊಂದಿಗೆ ಇತ್ಯರ್ಥಕ್ಕೆ ಯತ್ನಿಸುವ ವ್ಯವಸ್ಥೆ.

ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಹಿಂದೆ ಕಂಪನಿ ಇರುವ ಊರಿನಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಸ್ಥಳದಲ್ಲಿ ದಾವೆ ಹೂಡಬೇಕಿತ್ತು. 2019ರ ಕಾಯ್ದೆ ಗ್ರಾಹಕರು ವಾಸಿಸುವ ಊರಿನಲ್ಲಿಯೇ ದೂರು ಸಲ್ಲಿಸಲು ಅವಕಾಶ ಕೊಟ್ಟಿದೆ. ಹಾಗಾಗಿ ಮುಂಬಯಿಯಲ್ಲೋ ಗುರುಗ್ರಾಮದಲ್ಲೋ ಕಚೇರಿ ಇರುವ ಕಂಪನಿಯ ವಿರುದ್ಧ ವಾಸ್ಕೋದ ಕುಟುಂಬ ಮಡಗಾಂವ್‌ನ ದಕ್ಷಿಣ ಗೋವಾ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು.

ಜಾಲತಾಣವೇ ನಕಲಿ ಎಂದು ತಿಳಿದುಬಂದರೆ ಮಾತು ಬೇರೆ. ಅದು ವಂಚನೆ. ಅಂಥ ಸಂದರ್ಭದಲ್ಲಿ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹೊರಡುವ ಮುನ್ನ

ಹಣ ಕಟ್ಟುವ ಮೊದಲು ನಾಲ್ಕು ಸಂಗತಿಗಳನ್ನು ವಿಚಾರಿಸಿಕೊಳ್ಳುವುದು ಒಳಿತು: ಕಾರು ರಾಜ್ಯದ ಗಡಿ ದಾಟಬಹುದೇ, ರದ್ದತಿ ಶುಲ್ಕ ಎಷ್ಟು, ಠೇವಣಿ ಯಾರ ಬಳಿ ಇರುತ್ತದೆ, ಎಷ್ಟು ದಿನಗಳಲ್ಲಿ ಮರಳುತ್ತದೆ. ಪರವಾನಗಿ ಪಡೆದ ಸ್ವಯಂ ಚಾಲನೆಯ ಬಾಡಿಗೆ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುತ್ತವೆ. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಕೊಡುವುದು ಕಾನೂನುಬಾಹಿರ. ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕಾಗಬಹುದು. ಕಾರು ಪಡೆಯುವಾಗಲೂ ಒಪ್ಪಿಸುವಾಗಲೂ ನಾಲ್ಕೂ ಬದಿಯ ಚಿತ್ರ ತೆಗೆದಿಟ್ಟರೆ ಹಳೆಯ ಗೀರಿನ ತಕರಾರು ಎದುರಿಸುವುದು ಸುಲಭ. ಬುಕಿಂಗ್ ಪುಟದ ಹಾಗೂ ಷರತ್ತುಗಳ ಚಿತ್ರವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಬೇಕು. ಝುವಾರಿನಗರದ ಆ ಕುಟುಂಬದ ಬಳಿ ಅಂಥ ಒಂದು ಚಿತ್ರವಿದ್ದರೆ, ಗಡಿಯ ಷರತ್ತನ್ನು ತಮಗೆ ತಿಳಿಸಿರಲಿಲ್ಲ ಎಂದು ತೋರಿಸಲು ಅದೇ ಬಲವಾದ ಸಾಕ್ಷ್ಯವಾಗುತ್ತದೆ.

ಕನ್ನಡ ಶಾಲೆಯ ಮಕ್ಕಳು ಪತ್ರಲೇಖನದ ಪಾಠದಲ್ಲಿ ದಿನಾಂಕ, ವಿಷಯ, ವಿವರ, ಕೋರಿಕೆ ಎಂಬ ಕ್ರಮವನ್ನು ಕಲಿಯುತ್ತಾರೆ. ಗ್ರಾಹಕರ ದೂರಿಗೂ ಬೇಕಾದುದು ಅಷ್ಟೇ: ಯಾವ ದಿನ, ಯಾರಿಗೆ, ಎಷ್ಟು ಹಣ ಕೊಟ್ಟದ್ದು, ಏನು ನಡೆಯಿತು, ಏನು ಮರಳಬೇಕು. ತಂದೆತಾಯಿ ಮತ್ತು ಮಕ್ಕಳು ಒಟ್ಟಿಗೆ ಕುಳಿತು ಅದನ್ನು ಬರೆದಿಟ್ಟುಕೊಂಡು 1915ಕ್ಕೆ ಕರೆ ಮಾಡಿದರೆ, ಹೇಳಬೇಕಾದ ಮಾತು ಯಾವುದೂ ಬಿಟ್ಟುಹೋಗುವುದಿಲ್ಲ.